ವಿರಾಜಪೇಟೆಯಿಂದ ಪಯ್ಯಾಂಬಲಂ ಕಡಲತೀರಕ್ಕೆ

ವಿರಾಜಪೇಟೆಯ ಸುತ್ತಮುತ್ತಲಿನ ನಮಗೆ ಸಮುದ್ರವೆಂದರೆ ಮೊದಲು ನೆನಪಾಗುವುದು ಕಣ್ಣೂರು. ಪೆರುಂಬಾಡಿ ದಾಟಿ, ಮಾಕುಟ್ಟದ ಕಾಡಿನ ತಿರುವುಗಳನ್ನಿಳಿದು, ಇರಿಟ್ಟಿ, ಮಟ್ಟನ್ನೂರಿನ ದಾರಿಯಾಗಿ ಸುಮಾರು 90 ಕಿ.ಮೀ. ಸಾಗಿದರೆ ಆ ನಗರದ ಪಯ್ಯಾಂಬಲಂ ತೀರ ಸಿಗುತ್ತದೆ. ಜನವರಿಯ ಒಂದು ಭಾನುವಾರ, ಕಾಫಿ ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ಮನೆಮಂದಿಯೆಲ್ಲ ಹೋಗಿಬಂದೆವು.

ಸಂಜೆ ನಾಲ್ಕರ ನಂತರ ಊರಿಗೆ ಊರೇ ಇಲ್ಲಿಗೆ ಬರುತ್ತದೆ. ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ನೀರಿನಂಚಿನಲ್ಲಿ ನಡೆಯುತ್ತಾರೆ, ಹುಡುಗರು ಒದ್ದೆ ಮರಳಿನ ಮೇಲೆ ಕಾಲ್ಚೆಂಡು ಆಡುತ್ತಾರೆ. ಪಕ್ಕದ ಉದ್ಯಾನದಲ್ಲಿ ಶಿಲ್ಪಿ ಕಾನಾಯಿ ಕುಂಞಿರಾಮನ್ ಅವರ ತಾಯಿ-ಮಗುವಿನ ಶಿಲ್ಪವಿದೆ.

ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಸಮಾಧಿಗಳು. 1910ರಲ್ಲಿ ತಿರುವಾಂಕೂರಿನಿಂದ ಗಡಿಪಾರಾದ ಪತ್ರಕರ್ತ ಸ್ವದೇಶಾಭಿಮಾನಿ ರಾಮಕೃಷ್ಣ ಪಿಳ್ಳೆ, 1977ರಲ್ಲಿ ತೀರಿಕೊಂಡ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್, ಕೇರಳದ ಮುಖ್ಯಮಂತ್ರಿಯಾಗಿದ್ದ ಇ.ಕೆ. ನಾಯನಾರ್, ಇವರೆಲ್ಲರ ಸ್ಮಾರಕಗಳು ಅಲೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿವೆ. ವಿಹಾರಕ್ಕೆ ಬಂದವರು ಅವುಗಳ ಮುಂದೆ ಕ್ಷಣಕಾಲ ನಿಂತು ಮುಂದೆ ಸಾಗುತ್ತಾರೆ. ಕೊಡವ ಮನೆತನದ ಹಿರಿಯರ ಗುಡಿಯಾದ ಕೈಮಡದಲ್ಲಿ ಅವರನ್ನು ನೆನೆಯುತ್ತಾ ಬೆಳೆದ ನನಗೆ, ಗತಿಸಿದವರನ್ನು ದಿನದ ಬದುಕಿನಿಂದ ದೂರವಿಡದ ಈ ರೀತಿ ತುಂಬಾ ಹಿಡಿಸಿತು.

ತಿಂಡಿಯಲ್ಲಿ ಅರಿಕ್ಕಡುಕ್ಕವನ್ನು ತಪ್ಪಿಸಬೇಡಿ. ಕಲ್ಲುಮ್ಮಕಾಯಿ ಎಂಬ ಕಡಲಜೀವಿಯ ಚಿಪ್ಪಿನೊಳಗೆ ತೆಂಗಿನಕಾಯಿ ಬೆರೆಸಿದ ಅಕ್ಕಿಹಿಟ್ಟು ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ಬಿಡಿಸಿ, ಖಾರ ಸವರಿ ಕರಿಯುತ್ತಾರೆ. ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆಯಾದ ಕಡುಂಬುಟ್ಟು ತಿಂದು ಬೆಳೆದ ನಾಲಿಗೆಗೆ ಇದು ಪರಕೀಯವೆನಿಸದು. ತೀರದ ಒಂದು ಗಾಡಿಯಲ್ಲಿ ಕೊಂಡದ್ದು ಎಣ್ಣೆಯಲ್ಲಿ ಮುಳುಗಿತ್ತು, ಪೇಟೆಯ ಸಣ್ಣ ಹೋಟೆಲಿನದ್ದು ಗರಿಗರಿಯಾಗಿತ್ತು. ಬಿಸಿಯಾಗಿ ಕರಿದುಕೊಡುವಲ್ಲೇ ತಿನ್ನುವುದು ಒಳ್ಳೆಯದು.

ನೀರಿಗಿಳಿಯುವವರು ಎಚ್ಚರದಿಂದಿರಬೇಕು. ಹೊಳೆಯಲ್ಲಿ ಈಜಿ ಪಳಗಿದವರಿಗೂ ಕಡಲಿನ ಸೆಳೆತ ಹೊಸದು. ಮಕ್ಕಳನ್ನು ಮೊಣಕಾಲಿನ ನೀರಿನಾಚೆಗೆ ನಾವು ಬಿಡಲಿಲ್ಲ. ಮಳೆಗಾಲದಲ್ಲಂತೂ ದೂರದಿಂದ ನೋಡಿದರೆ ಸಾಕು.

ಬೆಟ್ಟದ ಹಿಂದೆ ಸೂರ್ಯ ಮರೆಯಾಗುವುದನ್ನಷ್ಟೇ ಕಂಡಿದ್ದ ಮಕ್ಕಳು, ಅವನು ನೀರಿಗಿಳಿಯುವವರೆಗೂ ಕದಲಲಿಲ್ಲ. ಅದನ್ನು ನೋಡಿ ಹೊರಟರೆ ಮಾಕುಟ್ಟದ ಘಟ್ಟವನ್ನು ಕತ್ತಲಲ್ಲಿ ಹತ್ತಬೇಕಾಗುತ್ತದೆ, ಆ ಕಾಡಿನಲ್ಲಿ ಆನೆಗಳಿವೆ. ಮುಂದಿನ ಸಲ ಕಣ್ಣೂರಿನಲ್ಲೇ ರಾತ್ರಿ ತಂಗಿ, ಪೋರ್ಚುಗೀಸರು 1505ರಲ್ಲಿ ಕಟ್ಟಿದ ಸೇಂಟ್ ಆಂಜೆಲೊ ಕೋಟೆಯನ್ನು ಬೆಳಿಗ್ಗೆ ನೋಡಿಕೊಂಡೇ ಹಿಂದಿರುಗುತ್ತೇವೆ.