ಬೆಳೆ ಬಿದ್ದಿಲ್ಲ, ಉಪಗ್ರಹ ಬದಲಾಗಿದೆ: ಹಸಿರು ನಕ್ಷೆ ಆ್ಯಪ್ ಬಳಸಿದ ಅನುಭವ

ಉಪಗ್ರಹದ ಚಿತ್ರದಿಂದ ಹೊಲ ಎಷ್ಟು ಹಸಿರಾಗಿದೆ ಅಂತ ಮೊಬೈಲಲ್ಲಿ ತೋರಿಸೋ ಆ್ಯಪ್ ಇದು, ಹೆಸರು ಬರೆಯಲ್ಲ. ಇಂಥವು ಈಗ ಬೇಕಾದಷ್ಟಿವೆ. ಹೆಚ್ಚುಕಮ್ಮಿ ಎಲ್ಲವೂ ಅವೇ ಉಪಗ್ರಹಗಳ ಪುಕ್ಕಟೆ ಚಿತ್ರ ತಗೊಂಡು ಬಣ್ಣ ಹಚ್ಚಿ ಕೊಡುವಂಥವು. ನನ್ನದು ಹಾಸನ ತಾಲ್ಲೂಕು ದುದ್ದ ಹೋಬಳಿಯಲ್ಲಿ ಐದು ಎಕರೆ. ಮುಂಗಾರಿಗೆ ಆಲೂಗೆಡ್ಡೆ, ಜೋಳ, ಇಪ್ಪತ್ತು ಗುಂಟೆ ಶುಂಠಿ, ಹಿಂದುಗಡೆ ಅಪ್ಪ ಇಟ್ಟ ತೆಂಗಿನ ತೋಟ. ವರ್ಷದ ಚಂದಾ ಒಂದು ಮೂಟೆ ಬಿತ್ತನೆ ಆಲೂಗೆಡ್ಡೆಯ ದುಡ್ಡಿಗಿಂತ ಕಮ್ಮಿ, ಹೋದರೆ ಹೋಗಲಿ ಅಂತ ಸೇರಿದೆ.

ಇಷ್ಟವಾದದ್ದು ಮೊದಲು ಹೇಳಿಬಿಡ್ತೀನಿ. ಯುರೋಪಿನವರ ಸೆಂಟಿನೆಲ್-2 ಉಪಗ್ರಹದ ಚಿತ್ರದ ಒಂದು ಚೌಕ ಅಂದರೆ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹತ್ತಿರಹತ್ತಿರ ಒಂದು ಗುಂಟೆ! ಡೇರಿಗೆ ಹಾಲು ಹಾಕಿ ಬಂದು, ಜಗುಲಿ ಮೇಲೆ ಕಾಫಿ ಕುಡೀತಾ, ಶುಂಠಿ ಹೊಲದ ಒಂದೊಂದೇ ಗುಂಟೆಯನ್ನ ಬೆರಳಲ್ಲಿ ಒತ್ತಿ ಹಸಿರಿನ ಅಂಕಿ ನೋಡೋದು ನನಗೆ ಚಟವೇ ಆಗಿದೆ. ಐದು ದಿನಕ್ಕೊಂದು ಹೊಸ ಚಿತ್ರ, ಮೋಡ ಇಲ್ಲದಿದ್ದರೆ. ಕೆಳಗಿನ ಮೂಲೆಯ ಎರಡು ಗುಂಟೆ ಮಂಕಾದದ್ದು ನಕ್ಷೆಯಲ್ಲೇ ಮೊದಲು ಕಂಡಿತು. ಹೋಗಿ ನೋಡಿದರೆ ಬದುವಿನ ಪಕ್ಕದ ಕಾಲುವೆ ಕಟ್ಟಿಕೊಂಡು ಪಟದ ಮಧ್ಯೆ ನೀರು ನಿಂತಿತ್ತು. ನೀರು ಬಿಡಿಸಿದೆ, ಕೊಳೆ ಹತ್ತಲಿಲ್ಲ. ಚಂದಾ ದುಡ್ಡು ಅವತ್ತೇ ಹುಟ್ಟಿತು.

ಕಾಟ ಶುರುವಾದದ್ದು ಆಮೇಲೆ. ಮಳೆ ಬಿಡುವು ಕೊಟ್ಟ ಒಂದು ದಿನ ‘ನಿಮ್ಮ ಬೆಳೆ ಒತ್ತಡದಲ್ಲಿದೆ’ ಅಂತ ಮೆಸೇಜ್. 0.74 ಇದ್ದ ಶುಂಠಿ 0.61ಕ್ಕೆ ಇಳಿದಿದೆ, ನಕ್ಷೆ ತುಂಬ ಕೆಂಪು. ಓಡಿಹೋಗಿ ನೋಡಿದೆ. ಗಿಡ ಕಳಕಳಿಸುತ್ತಾ ನಿಂತಿವೆ, ಒಂದು ಹಳದಿ ಎಲೆ ಇಲ್ಲ. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದರೆ ‘ಸರ್, ಮೇಲುಗೊಬ್ಬರ ಕೊಟ್ಟಿದ್ದೀರಾ?’ ಅಂತ ಆ ಕಡೆಯಿಂದ. ಆಗ ನಕ್ಷೆಯನ್ನ ಹಿಂದಕ್ಕೆ ಸರಿಸಿ ನೋಡ್ತೀನಿ, ತೆಂಗಿನ ತೋಟವೂ ಅದೇ ದಿನ ಇಳಿದುಬಿಟ್ಟಿದೆ. ಮೂವತ್ತು ವರ್ಷದ ತೆಂಗು ಒಂದು ವಾರದಲ್ಲಿ ಸೊರಗುತ್ತದೆಯೇ?

ಗುಟ್ಟು ಬಿಡಿಸಿದ್ದು ಬೆಂಗಳೂರಲ್ಲಿ ನಕ್ಷೆ ಕೆಲಸ ಮಾಡುವ ಅಕ್ಕನ ಮಗ. ‘ಮಾವ, ಅವತ್ತಿನ ಚಿತ್ರ ಸೆಂಟಿನೆಲ್‌ದಲ್ಲ, ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ್ದು’ ಅಂದ. ಮೋಡ ಹೆಚ್ಚಿದ್ದಾಗ ಆ್ಯಪ್‌ನವರು ಸಿಕ್ಕ ಉಪಗ್ರಹದ ಚಿತ್ರ ತುರುಕುತ್ತಾರೆ, ಯಾವುದರದ್ದು ಅಂತ ಹೇಳಲ್ಲ. ಲ್ಯಾಂಡ್‌ಸ್ಯಾಟ್ 8 ಮತ್ತು 9ರ ಚೌಕ 30 ಮೀಟರಿನದು, ಅಂದರೆ ಸುಮಾರು ಒಂಬತ್ತು ಗುಂಟೆ. ನನ್ನ ಶುಂಠಿ ಅದರಲ್ಲಿ ಎರಡು ಚೌಕ ಆದರೆ ಹೆಚ್ಚು. ಅದರೊಳಗೆ ಬದು, ಗಾಡಿದಾರಿ, ಪಕ್ಕದವರು ಆಗಷ್ಟೇ ಉತ್ತ ಕೆಮ್ಮಣ್ಣು ಎಲ್ಲ ಸೇರಿಕೊಳ್ಳುತ್ತೆ. ಸೂತ್ರ ಎರಡಕ್ಕೂ ಒಂದೇ. ಹಸಿರೆಲೆ ಕೆಂಪು ಬೆಳಕನ್ನ ನುಂಗುತ್ತೆ, ಕಣ್ಣಿಗೆ ಕಾಣದ ಸಮೀಪದ ಅವಕೆಂಪು (ನಿಯರ್ ಇನ್‌ಫ್ರಾರೆಡ್) ಬೆಳಕನ್ನ ವಾಪಸ್ ಎಸೆಯುತ್ತೆ. ಆ ಎರಡರ ವ್ಯತ್ಯಾಸವನ್ನ ಅವುಗಳ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ, ಅದೇ ಆ್ಯಪ್ ತೋರಿಸೋ ಹಸಿರಿನ ಅಂಕಿ. ಆದರೆ ಸೆಂಟಿನೆಲ್‌ನ 10 ಮೀಟರ್ ಚಿತ್ರ ಅವಕೆಂಪಿನ ಅಗಲವಾದ ಪಟ್ಟಿ ಹಿಡಿಯುತ್ತೆ, ಲ್ಯಾಂಡ್‌ಸ್ಯಾಟ್ ಕಿರಿದಾದದ್ದನ್ನ. ನೋಡುವ ಕೋನ ಬೇರೆ, ತೆಳುಮೋಡ ಮಂಜು ತೆಗೆಯುವ ಲೆಕ್ಕವೂ ಬೇರೆ. ಎಪಿಎಂಸಿಯಲ್ಲಿ ಒಂದು ತಕ್ಕಡಿಯಲ್ಲಿ ತೂಗಿದ ಮೂಟೆ ಇನ್ನೊಂದರಲ್ಲಿ ಎರಡು ಕೆಜಿ ಕಮ್ಮಿ ಬಂದರೆ ಗೆಡ್ಡೆ ಕರಗಿತು ಅಂತ ಯಾರಾದರೂ ಅಂತಾರಾ?

ಈ ತಲೆನೋವಿಗೆ ಮದ್ದಿಲ್ಲ ಅಂತಲ್ಲ. ನಾಸಾದವರು ಎರಡನ್ನೂ ಒಂದೇ ಅಳತೆಗೆ ತಂದು ಎಚ್‌ಎಲ್‌ಎಸ್ ಅನ್ನೋ ಹೆಸರಲ್ಲಿ ಪುಕ್ಕಟೆ ಕೊಡ್ತಾರೆ. ಅದೂ 30 ಮೀಟರಿನದೇ, ನನ್ನ ಒಂದು ಗುಂಟೆ ಅದರಲ್ಲಿ ಕಾಣಲ್ಲ. ಹಾಗಿದ್ದರೂ ದೊಡ್ಡ ಜೋಳದ ಹೊಲಕ್ಕೆ ಅದು ಧಾರಾಳ ಸಾಕು.

ಇನ್ನು ‘ಹಳೆಯ ವರ್ಷಗಳಿಗೆ ಹೋಲಿಸಿ’ ಅನ್ನೋ ಬಟನ್. ಅದನ್ನಂತೂ ಮುಟ್ಟಬೇಡಿ. ನಮ್ಮೂರಲ್ಲಿ 2021ರ ತನಕ ಕಾಡಿನಂಥ ಹಸಿರು, 2022ರಿಂದ ಬರಗಾಲ ಅಂತ ತೋರಿಸುತ್ತೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆ 2022ರ ಜನವರಿ 25ರಿಂದ ಸೆಂಟಿನೆಲ್-2 ಅಳೆದ ಬೆಳಕಿನ ಪ್ರತಿ ಅಂಕಿಗೂ 1000 ಕೂಡಿಸಿ ಕೊಡೋಕೆ ಶುರುಮಾಡಿದೆ. ಬಳಸುವವರು ಅದನ್ನ ಕಳೀಬೇಕು. ಕಳೆಯದಿದ್ದರೆ ಏನಾಗುತ್ತೆ ನೋಡಿ: ಕೆಂಪು 400, ಅವಕೆಂಪು 3600 ಇದ್ದರೆ ಎನ್‌ಡಿವಿಐ 0.8. ಎರಡಕ್ಕೂ ಸಾವಿರ ಸೇರಿಸಿ ಲೆಕ್ಕ ಹಾಕಿ, 0.53. ಒಂದು ಕಳೆಯೋ ಲೆಕ್ಕ ಬಿಟ್ಟರೆ ಇಡೀ ಹೋಬಳಿ ಒಣಗುತ್ತೆ. ಇದನ್ನ ಆ್ಯಪ್‌ನವರಿಗೆ ಬರೆದು ಕಳಿಸಿದೆ, ಧನ್ಯವಾದ ಅಂತ ಉತ್ತರ ಬಂತು. ಬಟನ್ ಇನ್ನೂ ಹಾಗೇ ಇದೆ.

ಆಲೂಗೆಡ್ಡೆಗಂತೂ ಉಪಯೋಗ ಅಷ್ಟಕ್ಕಷ್ಟೆ. ನಮ್ಮ ಕಡೆ ಮೇ-ಜೂನ್‌ನಲ್ಲಿ ಬಿತ್ತಿದ್ದು ಮೂರು ತಿಂಗಳಲ್ಲಿ ಕೀಳಬೇಕು, ಅಷ್ಟೂ ದಿನ ನೆತ್ತಿ ಮೇಲೆ ಮೋಡ. ಅಂಗಮಾರಿ ಬರೋದೂ ಅದೇ ಜಡಿಮಳೆ, ಮಂಜಲ್ಲಿ. ಉಪಗ್ರಹಕ್ಕೆ ಹೊಲ ಕಾಣೋ ಹೊತ್ತಿಗೆ ಎಲೆ ಕರಕಲಾಗಿರುತ್ತೆ. ಸಕಲೇಶಪುರದ ಭಾವನೂ ಕಾಫಿ ತೋಟಕ್ಕೆ ಹಾಕಿಸಿಕೊಂಡಿದ್ದರು, ಅವರಿಗೆ ಸಿಲ್ವರ್ ಓಕ್ ತಲೆ ಬಿಟ್ಟು ಬೇರೇನೂ ಕಾಣಲಿಲ್ಲ.

ಈಗ ನಾನು ಕಂಡುಕೊಂಡಿರೋ ದಾರಿ ಇದು. ಹೊಸ ಚಿತ್ರ ಬಂದ ತಕ್ಷಣ ಶುಂಠಿ ನೋಡಲ್ಲ, ಮೊದಲು ತೆಂಗಿನ ತೋಟದ ನಟ್ಟನಡುವಿನ ಚೌಕ ಒತ್ತುತೀನಿ. ಅಲ್ಲಿ ಅಂಕಿ ಇದ್ದಲ್ಲೇ ಇದ್ದರೆ ಉಳಿದದ್ದನ್ನ ನಂಬ್ತೀನಿ. ಅದೂ ಜಾರಿದ್ದರೆ ಆ ದಿನವನ್ನೇ ಬಿಟ್ಟುಬಿಡ್ತೀನಿ. ತೆಂಗು ಇಲ್ಲದವರು ಹಳೇ ಮಾವಿನ ತೋಪೋ ಊರ ಮುಂದಿನ ಅರಳಿ ಗುಂಪೋ ಯಾವುದಾದರೂ ಗೊತ್ತುಮಾಡಿಕೊಳ್ಳಿ, ಚಿತ್ರದ ಚೌಕಕ್ಕಿಂತ ಚೆನ್ನಾಗಿ ಅಗಲ ಇರಲಿ. ಡೈರಿಯಲ್ಲಿ ಎರಡೂ ಅಂಕಿ ಪಕ್ಕಪಕ್ಕ ಬರೆದಿಡ್ತೀನಿ. ಹೀಗೆ ಓದೋಕೆ ಶುರುಮಾಡಿದ ಮೇಲೆ ಆ್ಯಪ್ ಮೇಲಿನ ಸಿಟ್ಟು ಅರ್ಧ ಇಳಿದಿದೆ.

ಐದಕ್ಕೆ ಎರಡೂವರೆ ಸ್ಟಾರ್. ತಾರೀಖಿನ ಪಕ್ಕ ಉಪಗ್ರಹದ ಹೆಸರು ಬರೆದರೆ ಇನ್ನೊಂದು ಸೇರಿಸ್ತೀನಿ, ಅವರಿಗೆ ಅದು ಒಂದು ಸಾಲಿನ ಕೆಲಸ. ಬರೀ ನಕ್ಷೆ ಸಾಕು ಅನ್ನೋರಿಗೆ ಯುರೋಪಿನವರ ಕೊಪರ್ನಿಕಸ್ ಬ್ರೌಸರ್ ಅನ್ನೋ ವೆಬ್‌ಸೈಟಿನಲ್ಲಿ ಸೆಂಟಿನೆಲ್-2 ಎನ್‌ಡಿವಿಐ ದುಡ್ಡಿಲ್ಲದೆ ಸಿಗುತ್ತೆ, ಮೊಬೈಲಲ್ಲಿ ಸ್ವಲ್ಪ ತಿಣುಕಾಡಬೇಕು ಅಷ್ಟೆ. ಆಕಾಶ ತಿಳಿಯಾಗಿರೋ ನವೆಂಬರಿಂದ ಏಪ್ರಿಲ್‌ವರೆಗೆ ಅಂತ ಅರ್ಧ ವರ್ಷದ ಚಂದಾ ಇಟ್ಟರೆ ಕಟ್ಟೋಕೆ ತಯಾರಿದ್ದೀನಿ. ಮುಂಗಾರಿನ ಮೋಡಕ್ಕೆ ಮಾತ್ರ ದುಡ್ಡು ಕೊಡಲ್ಲ.