ಎಫ್-150 ಪಿಕಪ್, 28 ಅಡಿ ಟ್ರೈಲರ್: ಕೆಲವು ವರ್ಷ ಎಳೆದ ಮೇಲೆ

ನಾವಿರುವುದು ಅಮೆರಿಕದ ಕೊಲರಾಡೊದಲ್ಲಿ, ಡೆನ್ವರ್ ಹತ್ತಿರ. ಗಾಡಿ ಫೋರ್ಡ್ ಎಫ್-150, 3.5 ಲೀಟರ್ ಇಕೋಬೂಸ್ಟ್ ಎಂಜಿನ್. ಹಿಂದೆ 28 ಅಡಿಯ ಟ್ರಾವೆಲ್ ಟ್ರೈಲರ್, ಅಂದರೆ ಗಾಡಿಗೆ ಕಟ್ಟಿ ಎಳೆಯುವ ಪುಟ್ಟ ಮನೆ. ಟ್ರೈಲರ್ ಕೊಳ್ಳಬೇಕು ಅಂತಿರುವ ಗೆಳೆಯರು ಮೊದಲು ಕೇಳುವುದು, "ನಿಮ್ಮ ಗಾಡಿ ಎಷ್ಟು ಎಳೆಯುತ್ತೆ?" ಅಂತ. ನಾನು ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲಿರುವ ಹಳದಿ-ಬಿಳಿ ಸ್ಟಿಕರ್ ತೋರಿಸುತ್ತೇನೆ.

ನಮ್ಮ ಗಾಡಿಯ ಟೋ ರೇಟಿಂಗ್, ಅಂದರೆ ಎಳೆಯಬಹುದಾದ ಗರಿಷ್ಠ ತೂಕ, 11,200 ಪೌಂಡ್. ಸ್ಟಿಕರ್ ಮೇಲಿರುವುದು 1,720 ಪೌಂಡ್. ಜನ, ಸಾಮಾನು ಎಲ್ಲ ಸೇರಿ ಗಾಡಿ ಹೊರಬಹುದಾದ ಭಾರ ಇಷ್ಟೇ. ಟ್ರೈಲರ್‌ನ ಮೂತಿ ಹಿಚ್ (ಗಾಡಿಗೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಒತ್ತುವ ಟಂಗ್ ವೆಯ್ಟ್ ಕೂಡ ಇದರೊಳಗೇ ಬರಬೇಕು. ಅದು ಟ್ರೈಲರ್ ತೂಕದ 10ರಿಂದ 15% ಇರಬೇಕು. ಕಡಿಮೆಯಾದರೆ ಹೈವೇಯಲ್ಲಿ ಟ್ರೈಲರ್ ಅತ್ತಿತ್ತ ತೂಗಾಡುತ್ತದೆ.

ಟ್ರೈಲರ್ ಅಂಗಡಿಯವರು "11,000 ಎಳೆಯೋ ಗಾಡಿ ಇದೆ, 9,500 ಪೌಂಡಿನದು ಧಾರಾಳವಾಗಿ ತಗೊಳ್ಳಿ" ಅಂದಿದ್ದರು. ಲೆಕ್ಕ ಹಾಕಿ ನೋಡಿ. 9,500ಕ್ಕೆ 13% ಅಂದರೆ 1,235. ಹಿಚ್ಚಿನ ತೂಕವೇ 90. ಉಳಿದದ್ದು 395 ಪೌಂಡ್. ನಾವು ಮೂರು ಜನ ಕೂತರೆ 430! ಒಂದು ಚೀಲ ಇಡುವ ಮುಂಚೆಯೇ ಮಿತಿ ದಾಟಿತು. ಎಂಜಿನ್ ಎಳೆಯುತ್ತಿತ್ತು, ಅನುಮಾನ ಇಲ್ಲ. ಆದರೆ ಹಿಂದಿನ ಆಕ್ಸಲ್, ಟೈರು, ಸ್ಪ್ರಿಂಗ್ ಹೊರಬೇಕಲ್ವಾ?

ಹಾಗಾಗಿ ಚಿಕ್ಕದೇ ತಗೊಂಡೆವು. ಬ್ರೋಷರ್‌ನಲ್ಲಿ ಅದರ ಖಾಲಿ ತೂಕ 6,100 ಪೌಂಡ್. ಬ್ಯಾಟರಿ, ಗ್ಯಾಸ್, ಪಾತ್ರೆ, ಹಾಸಿಗೆ, ದಿನಸಿ ಎಲ್ಲ ತುಂಬಿದ ಮೇಲೆ 7,200. ಇದು ಅಂದಾಜಲ್ಲ, ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್ ಎಂಬ ದೊಡ್ಡ ತೂಕದ ಯಂತ್ರದ ಮೇಲೆ ತೂಗಿಸಿದ್ದು. ಪಿಕಪ್‌ನ ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೈಲರ್ ಚಕ್ರಗಳು ಮೂರನೆಯದರ ಮೇಲೆ. ಗುಂಡಿ ಒತ್ತಿ ಹೇಳಿದರೆ ಮೂರೂ ತೂಕ ಬೇರೆಬೇರೆಯಾಗಿ ಬರೆದ ಚೀಟಿ ಸಿಗುತ್ತದೆ. ಮೊದಲ ಸಲ ಹಿಚ್ಚಿನ ಸ್ಪ್ರಿಂಗ್ ಬಾರ್ (ಮೂತಿಯ ಭಾರವನ್ನು ಎಲ್ಲ ಚಕ್ರಗಳಿಗೂ ಹಂಚುವ ಸರಳುಗಳು) ಬಿಚ್ಚಿಟ್ಟು ತೂಗಿಸಿ. ಆಮೇಲೆ ಟ್ರೈಲರ್ ಕಳಚಿ ಪಿಕಪ್ ಒಂದನ್ನೇ ತೂಗಿಸಿ. ಪಿಕಪ್ ಮೇಲಿನ ಭಾರ ಎಷ್ಟು ಇಳಿಯಿತೋ ಅದೇ ಟಂಗ್ ವೆಯ್ಟ್. ನಮ್ಮದು 930. ಟ್ರೈಲರ್ ಇರುವವರು ವರ್ಷಕ್ಕೊಮ್ಮೆಯಾದರೂ ಇದನ್ನು ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ನೀರಿನ ಕಡೆಗೂ ಗಮನ ಇರಲಿ. ಒಂದು ಗ್ಯಾಲನ್ ನೀರು 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ಪೌಂಡ್ ಮೇಲೆ. ನಮ್ಮ ಟ್ಯಾಂಕ್ ಆಕ್ಸಲ್ ಹಿಂದೆ ಇದೆ. ತುಂಬಿದರೆ ಮೂತಿ ಹಗುರಾಗುತ್ತದೆ. ಅದಕ್ಕೇ ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲೆ ತುಂಬಿಸುತ್ತೇವೆ.

ಇನ್ನು ಎಂಜಿನ್. ಮನಸಾರೆ ಮೆಚ್ಚಿದ್ದೇನೆ. ಐ-70 ಹೆದ್ದಾರಿಯ ಐಸೆನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ. ಈ ಅವಳಿ ಟರ್ಬೊ ಎಂಜಿನ್‌ಗೆ ಆ ಕಷ್ಟ ಅಷ್ಟಾಗಿ ಇಲ್ಲ, ಏರು ಸಲೀಸಾಗಿ ಹತ್ತುತ್ತದೆ. ಆಚೆ ಸಿಲ್ವರ್‌ಥಾರ್ನ್ ಕಡೆ ಇಳಿಯುವ 7% ಇಳಿಜಾರಿನಲ್ಲಿ ಎಚ್ಚರ ಬೇಕು. ಭಾರ ಎಳೆಯುವಾಗ ಗೇರ್ ಬದಲಾವಣೆಯನ್ನು ಅದಕ್ಕೆ ಹೊಂದಿಸುವ ಟೋ-ಹಾಲ್ ಮೋಡ್ ಹಾಕಿ, ಮೊದಲೇ ಕೆಳಗಿನ ಗೇರಿಗೆ ಬಂದು, ಬ್ರೇಕ್ ಮೇಲೆ ಕಾಲಿಟ್ಟೇ ಇರದೆ ಆಗಾಗ ಗಟ್ಟಿಯಾಗಿ ಒತ್ತಿ ಬಿಡಬೇಕು. ವಯೋಮಿಂಗ್‌ನ ಐ-80ರಲ್ಲಿ ಅಡ್ಡಗಾಳಿ ಜೋರಿದ್ದ ದಿನ ನಾವು ಹೊರಡುವುದೇ ಇಲ್ಲ. ಅಷ್ಟು ದೊಡ್ಡ ಗೋಡೆ ಬೆನ್ನ ಹಿಂದಿರುವಾಗ ಯಾವ ಹಿಚ್ಚೂ ಪೂರ್ತಿ ಕಾಪಾಡಲ್ಲ. ಮೈಲೇಜ್ ಖಾಲಿ ಗಾಡಿಗೆ ಗ್ಯಾಲನ್ನಿಗೆ 20 ಮೈಲಿ, ಟ್ರೈಲರ್ ಇದ್ದಾಗ 9.

ಊರಿಂದ ಅಪ್ಪ ಅಮ್ಮ ಬಂದಾಗ ಮಾತ್ರ ತೊಂದರೆ. 930, 90, 430 ಸೇರಿ 1,450. ಉಳಿಯುವುದು 270. ಅವರಿಬ್ಬರೇ ಅದಕ್ಕಿಂತ ಜಾಸ್ತಿ. ಆಗ ಹೆಂಡತಿ ಅವರನ್ನು ಕಾರಿನಲ್ಲಿ ಕರೆದುಕೊಂಡು ಬರುತ್ತಾಳೆ. ಅಮ್ಮನಿಗೆ ಅದು ಅಷ್ಟು ಇಷ್ಟ ಇಲ್ಲ, ಎಲ್ಲರೂ ಒಟ್ಟಿಗೆ ಹೋಗೋಣ ಅಂತಾರೆ.

ಮೂರು-ನಾಲ್ಕು ಜನ, 7,000 ಪೌಂಡಿನ ಆಸುಪಾಸಿನ ಟ್ರೈಲರ್ ಆದರೆ ಈ ಗಾಡಿ ಧೈರ್ಯವಾಗಿ ತಗೊಳ್ಳಿ. ಜನ ಜಾಸ್ತಿ ಇದ್ದರೆ, ಟ್ರೈಲರ್ ಇನ್ನೂ ದೊಡ್ಡದಾದರೆ ಇದಕ್ಕಿಂತ ದೊಡ್ಡ ಪಿಕಪ್, ಎಫ್-250 ಥರದ್ದು ನೋಡಿ. ಅಲ್ಲೂ ಡೀಸೆಲ್ ಎಂಜಿನ್ನೇ ಭಾರ, ಹಾಗಾಗಿ ಪೆಟ್ರೋಲಿನದಕ್ಕಿಂತ ಹೊರುವ ಮಿತಿ ಕಡಿಮೆ ಇರಬಹುದು. ಒಂದೇ ಮಾಡೆಲ್ ಆದರೂ ಗಾಡಿಯಿಂದ ಗಾಡಿಗೆ ಸ್ಟಿಕರ್ ಬೇರೆ, ನೀವು ಕೊಳ್ಳುವ ಗಾಡಿಯದನ್ನೇ ಓದಿ ದುಡ್ಡು ಕೊಡಿ.