ಗೇಟಿನಲ್ಲಿ ಸರ್ಟಿಫಿಕೇಟು, ಗಾಡಿಯಲ್ಲಿ ಕೊರೋನಾ: 2022ರ ಗ್ಯಾಲರಿಗಳಿಗೆ ಕಾಸರಗೋಡಿನಿಂದ ಅಂಕ

ಕಾಸರಗೋಡು ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಕೇರಳ ತಂಡದ ಪರ 2021ರ ಜನವರಿ 13ರಂದು ಮುಂಬೈ ವಿರುದ್ಧ 37 ಎಸೆತಗಳಲ್ಲಿ ಶತಕ ಬಾರಿಸಿದಾಗ ಕೋವಿಡ್ ನಿರ್ಬಂಧದಿಂದ ವಾಂಖೆಡೆಯ ಕುರ್ಚಿಗಳೆಲ್ಲ ಖಾಲಿ. ನಮ್ಮೂರಿನ ಹುಡುಗ ಔಟಾಗದೆ 137 ಹೊಡೆದದ್ದನ್ನು ನಮ್ಮೂರಿನವರು ಮೊಬೈಲಿನಲ್ಲೇ ನೋಡಿ ತೃಪ್ತಿಪಡಬೇಕಾಯಿತು. ಆ ಬರ ನೀಗಿದ್ದು 2022ರ ಮಾರ್ಚ್‌ನಿಂದ ಮೇ ಮೊದಲ ವಾರದೊಳಗೆ. ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಹಗಲು–ರಾತ್ರಿಯ ಪಿಂಕ್ ಬಾಲ್ ಟೆಸ್ಟ್, ಗೋವಾದ ಫತೋರ್ಡಾ ಕ್ರೀಡಾಂಗಣದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಫೈನಲ್, ಮಲಪ್ಪುರಂ ಜಿಲ್ಲೆಯ ಮಂಜೇರಿಯಲ್ಲಿ ರಾಜ್ಯ ತಂಡಗಳ ಫುಟ್‌ಬಾಲ್ ಪಂದ್ಯಾವಳಿ ಸಂತೋಷ್ ಟ್ರೋಫಿ. ಇವುಗಳ ನಡುವೆ ಮಲಬಾರಿನ ಊರೂರುಗಳಲ್ಲಿ ತಂಡಕ್ಕೆ ಏಳೇ ಜನ ಆಡುವ ಸೆವೆನ್ಸ್ ಫುಟ್‌ಬಾಲಿನ ತಾತ್ಕಾಲಿಕ ಗ್ಯಾಲರಿಗಳೂ ಎದ್ದವು. ಆಟ ಹೇಗಿತ್ತು ಅಂತ ಪತ್ರಿಕೆಗಳು ಬರೆದಾಗಿದೆ. ಟಿಕೇಟು ಕೊಂಡು ಗಡಿನಾಡಿನಿಂದ ಹೊರಟವನಿಗೆ ಹಾಕಿದ ನಿಯಮ, ಹೋಗಿಬರುವ ದಾರಿ, ಕೂರುವ ಜಾಗ ಇವು ಎಷ್ಟು ಕೆಲಸಕ್ಕೆ ಬಂದವು ಎಂಬುದನ್ನು ಮಾತ್ರ ಇಲ್ಲಿ ತೂಗಿದ್ದೇವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ನಿಯಮಗಳನ್ನೆಲ್ಲ ಕುರ್ಚಿಯ ಸುತ್ತ ಕಟ್ಟಿದ್ದರು, ಅಪಾಯ ಇದ್ದದ್ದು ಗೇಟಿನ ಹೊರಗಿನ ಸಾಲಿನಲ್ಲಿ ಮತ್ತು ಬಂದ ಗಾಡಿಯಲ್ಲಿ.

ಫತೋರ್ಡಾದಿಂದಲೇ ಶುರು ಮಾಡೋಣ. 2020ರ ಮಾರ್ಚ್ 14ರಂದು ಇದೇ ಕ್ರೀಡಾಂಗಣದಲ್ಲಿ ಎಟಿಕೆ ಮತ್ತು ಚೆನ್ನೈಯಿನ್ ನಡುವಿನ ಫೈನಲ್ ಬಾಗಿಲು ಹಾಕಿಕೊಂಡು ನಡೆದಿತ್ತು. ಆಮೇಲಿನ ಎರಡು ಸೀಸನ್ ಪೂರ್ತಿ ಗೋವಾದಲ್ಲೇ, ಪ್ರೇಕ್ಷಕರಿಲ್ಲದೆ. ಹಾಗಾಗಿ 2022ರ ಮಾರ್ಚ್ 20ರ ಹೈದರಾಬಾದ್–ಕೇರಳ ಬ್ಲಾಸ್ಟರ್ಸ್ ಫೈನಲ್‌ಗೆ ಪೂರ್ತಿ ಗ್ಯಾಲರಿ ತೆರೆಯುತ್ತೇವೆ ಅಂದಾಗ ಇಡೀ ಮಲಬಾರು ಎದ್ದು ಹೊರಟದ್ದರಲ್ಲಿ ಆಶ್ಚರ್ಯವಿಲ್ಲ. ಷರತ್ತು ಒಂದೇ. ಕೋವಿಡ್ ಲಸಿಕೆಯ ಎರಡೂ ಡೋಸಿನ ಸರ್ಟಿಫಿಕೇಟು ಇರಬೇಕು, ಇಲ್ಲವೇ 48 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ನೆಗೆಟಿವ್ ವರದಿ.

ಆ 48 ಗಂಟೆಯನ್ನು ಗೋವಾದವನು ಲೆಕ್ಕ ಹಾಕುವುದಕ್ಕೂ ಕಾಸರಗೋಡಿನವನು ಹಾಕುವುದಕ್ಕೂ ವ್ಯತ್ಯಾಸ ಉಂಟು. ಪಂದ್ಯ ಭಾನುವಾರ ರಾತ್ರಿ ಏಳೂವರೆಗೆ. ಅಂದರೆ ಮೂಗಿನ ಸ್ಯಾಂಪಲ್ ಶುಕ್ರವಾರ ರಾತ್ರಿ ಏಳೂವರೆಯ ನಂತರದ್ದಾಗಬೇಕು, ಆದರೆ ಆ ಹೊತ್ತಿಗೆ ಲ್ಯಾಬು ಬಾಗಿಲು ಹಾಕಿರುತ್ತದೆ. ಶನಿವಾರ ಬೆಳಗ್ಗೆ ಕೊಟ್ಟರೆ ವರದಿ ಬರಲು ಸಾಮಾನ್ಯವಾಗಿ 12ರಿಂದ 24 ಗಂಟೆ. ಶನಿವಾರ ಸಂಜೆಯ ಮಂಗಳಾ ಅಥವಾ ನೇತ್ರಾವತಿ ರೈಲು ಹತ್ತಬೇಕಾದವನು ವರದಿ ಇಲ್ಲದೆಯೇ ಹತ್ತಬೇಕಾಗುತ್ತದೆ. ಕೇರಳ ಸರ್ಕಾರ ಆ ಫೆಬ್ರವರಿಯಲ್ಲಿ ಖಾಸಗಿ ಲ್ಯಾಬಿನ ದರವನ್ನು 300 ರೂಪಾಯಿಗೆ ಇಳಿಸಿತ್ತು, ದುಡ್ಡು ದೊಡ್ಡ ತೊಡಕಲ್ಲ, ಗಡಿಯಾರವೇ ತೊಡಕು. ಇನ್ನೊಂದು ಸೂಕ್ಷ್ಮ: ವರದಿಯಲ್ಲಿ ಸ್ಯಾಂಪಲ್ ತೆಗೆದ ಸಮಯ ಬೇರೆ, ವರದಿ ಕೊಟ್ಟ ಸಮಯ ಬೇರೆ ಇರುತ್ತದೆ. ಲೆಕ್ಕ ಮೊದಲನೆಯದರಿಂದಲೇ ಅಂತ ಇಟ್ಟುಕೊಂಡರೆ ಗೇಟಿನಲ್ಲಿ ವಾದ ಮಾಡುವ ಗ್ರಹಚಾರ ತಪ್ಪುತ್ತದೆ.

ಡೋಸಿನ ಸರ್ಟಿಫಿಕೇಟು ಸುಲಭ ಅಂತ ಕಾಣುತ್ತಿತ್ತು, ಆದರೆ ನಮ್ಮ ಜಿಲ್ಲೆಯವರಿಗೆ ಅದರಲ್ಲೂ ಗಂಟುಗಳು. ಮೊದಲ ಡೋಸು ಮಂಗಳೂರಿನಲ್ಲಿ ಒಂದು ಫೋನ್ ನಂಬರಿಗೆ, ಎರಡನೆಯದು ಊರಿನ ಆರೋಗ್ಯ ಕೇಂದ್ರದಲ್ಲಿ ಇನ್ನೊಂದು ನಂಬರಿಗೆ ಹಾಕಿಸಿಕೊಂಡರೆ ಲಸಿಕೆಯ ಸರ್ಕಾರಿ ತಾಣ ಕೋವಿನ್ ಅದನ್ನು ಇಬ್ಬರು ಬೇರೆ ಬೇರೆ ಮನುಷ್ಯರ ಎರಡು ಮೊದಲ ಡೋಸು ಅಂತ ತಿಳಿಯುತ್ತಿತ್ತು. ಅಂತಿಮ ಸರ್ಟಿಫಿಕೇಟು ಹುಟ್ಟುತ್ತಲೇ ಇರಲಿಲ್ಲ. ಕೋವಿನ್ ಪೋರ್ಟಲಿನ ದೂರು ವಿಭಾಗದಲ್ಲಿ ಎರಡನ್ನೂ ಕೂಡಿಸುವ ಅವಕಾಶ ಇತ್ತು, ಆದರೆ ಪಂದ್ಯದ ಹಿಂದಿನ ದಿನ ಕೂತು ಮಾಡುವ ಕೆಲಸ ಆಗಿರಲಿಲ್ಲ. ಹೆಸರಿನ ಇನಿಶಿಯಲ್ ಆಧಾರಿನಲ್ಲಿ ಹಿಂದೆ, ಟಿಕೇಟಿನಲ್ಲಿ ಮುಂದೆ ಇದ್ದರೆ ದೊಡ್ಡ ಸಮಸ್ಯೆಯಲ್ಲ, ಆದರೆ ಮನೆ ಹೆಸರು ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಸರಿಪಡಿಸಿಕೊಳ್ಳಬೇಕಿತ್ತು. ಗಲ್ಫಿನಲ್ಲಿ ಲಸಿಕೆ ಹಾಕಿಸಿಕೊಂಡು ಬಂದವರದ್ದು ಕೋವಿನ್‌ನಲ್ಲಿ ಇರುತ್ತಲೇ ಇರಲಿಲ್ಲ. ಆ ದೇಶದ ಸರ್ಟಿಫಿಕೇಟಿನ ಪ್ರಿಂಟನ್ನು ಪಾಸ್‌ಪೋರ್ಟ್ ಪ್ರತಿಯ ಜೊತೆ ಇಟ್ಟುಕೊಳ್ಳುವುದು ಒಂದೇ ದಾರಿಯಾಗಿತ್ತು. ಎಲ್ಲದಕ್ಕೂ ಪ್ರಿಂಟೇ ಲೇಸು, ಯಾಕೆಂದರೆ ಸಾವಿರಾರು ಫೋನುಗಳು ಒಂದೇ ಟವರಿಗೆ ಜೋತುಬಿದ್ದ ಜಾಗದಲ್ಲಿ ಡೌನ್‌ಲೋಡ್ ಆಗುವುದು ಕಷ್ಟ.

ಈಗ ಗೇಟಿನ ಲೆಕ್ಕ. ಫತೋರ್ಡಾದಲ್ಲಿ ಸುಮಾರು 19,000 ಜನ ಕೂರಬಹುದು. ಟಿಕೇಟು ಸ್ಕ್ಯಾನು, ಸರ್ಟಿಫಿಕೇಟು, ಮೈ ತಡವುವುದು ಎಲ್ಲ ಸೇರಿ ತಲೆಗೆ 15 ಸೆಕೆಂಡು ಅಂತ ಇಟ್ಟುಕೊಳ್ಳಿ. ಒಂದು ಸಾಲಿನಲ್ಲಿ ಗಂಟೆಗೆ 240 ಜನ ಒಳಗೆ ಹೋಗಬಹುದು. 20 ಸಾಲುಗಳಿದ್ದರೂ 4,800. ಎಲ್ಲರೂ ಒಳಗೆ ಸೇರಲು ನಾಲ್ಕು ಗಂಟೆ. ಪ್ರೇಕ್ಷಕ ಬರುವುದು ಕೊನೆಯ ಒಂದೂವರೆ ಗಂಟೆಯಲ್ಲಿ. ಆಗ ಮಾಡಬಹುದಾದದ್ದು ಎರಡೇ: ಸಾಲು ಬೆಳೆದು ಭುಜಕ್ಕೆ ಭುಜ ತಾಗುವಷ್ಟು ಗಿಜಿಗಿಜಿ ಆಗಲು ಬಿಡುವುದು, ಇಲ್ಲವೇ ಸರ್ಟಿಫಿಕೇಟಿನ ಮೇಲೆ ಕಣ್ಣಾಡಿಸಿ ಕಳಿಸುವುದು. ಕಣ್ಣಾಡಿಸಿದರೆ ಅದು ತಪಾಸಣೆಯೇ ಅಲ್ಲ, ಯಾಕೆಂದರೆ ಅಸಲಿಯೋ ನಕಲಿಯೋ ಗೊತ್ತಾಗುವುದು ಅದರ ಕ್ಯೂಆರ್ ಕೋಡನ್ನು ಕೋವಿನ್ ತಾಣದಲ್ಲಿ ಸ್ಕ್ಯಾನ್ ಮಾಡಿದಾಗ ಮಾತ್ರ. ಸರ್ಟಿಫಿಕೇಟನ್ನು ಟಿಕೇಟು ಬುಕ್ ಮಾಡುವಾಗಲೇ ಪರಿಶೀಲಿಸಿ ಟಿಕೇಟಿನ ಕೋಡಿಗೆ ಜೋಡಿಸಿಬಿಟ್ಟರೆ ಗೇಟಿನಲ್ಲಿ ಐದು ಸೆಕೆಂಡಿನ ಕೆಲಸ. ಇದೊಂದನ್ನು ಮಾಡಿದ್ದರೂ ಸಾಕಿತ್ತು.

ಒಳಗೆ ಹೋದ ಮೇಲೆ ಪರವಾಗಿಲ್ಲ. ಗಾಳಿಯಾಡುವ ಗ್ಯಾಲರಿಯಲ್ಲಿ ಬೊಬ್ಬೆ ಹಾಕಿದರೂ ಉಸಿರಿನ ಹನಿ ನಿಂತ ಗಾಳಿಯಲ್ಲಿ ತೇಲಿದ ಹಾಗೆ ತೇಲುವುದಿಲ್ಲ. ಅದೇ 12 ಸೀಟಿನ ಟೆಂಪೋ ಟ್ರಾವೆಲರಿನಲ್ಲಿ ಗಾಜು ಏರಿಸಿ, ಎಸಿ ಹಾಕಿ, ಹಾಡುತ್ತಾ ಏಳೆಂಟು ಗಂಟೆ ಕೂತರೆ ಒಬ್ಬನದ್ದು ಎಲ್ಲರಿಗೂ. ಆ ಗಾಡಿಯನ್ನು ಕೇಳುವವರೇ ಇಲ್ಲ! ಹೋಗುವುದಾದರೆ ಎರಡು ಎದುರುಬದುರು ಕಿಟಕಿ ನಾಲ್ಕು ಬೆರಳಷ್ಟು ತೆರೆದಿರಲಿ, ಎಸಿ ಇದ್ದರೆ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಬಂದ್ ಇರಲಿ. ಬೈಕಿನ ಮಾತು ಬೇಡವೇ ಬೇಡ. ಆ ಫೈನಲ್‌ಗೆಂದು ಬೈಕಿನಲ್ಲಿ ಹೊರಟ ಮಲಪ್ಪುರದ ಇಬ್ಬರು ಯುವಕರು ನಮ್ಮ ಉದುಮದಲ್ಲೇ ಅಪಘಾತದಲ್ಲಿ ತೀರಿಕೊಂಡರು. ಷಟ್ಪಥಕ್ಕಾಗಿ ಆಗ ಅಗೆದಿಟ್ಟಿದ್ದ ಹೆದ್ದಾರಿ 66ರಲ್ಲಿ ರಾತ್ರಿ ಬೈಕು ಓಡಿಸಿ ಆಟ ನೋಡಲು ಹೋಗುವ ಅಗತ್ಯ ಯಾರಿಗೂ ಇರಲಿಲ್ಲ.

ರೈಲಿನಲ್ಲಿ ಮಡಗಾಂವ್‌ಗೆ ಐದಾರು ಗಂಟೆ, ಅಲ್ಲಿಂದ ಕ್ರೀಡಾಂಗಣ ನಾಲ್ಕು ಕಿಲೋಮೀಟರಿನ ಆಸುಪಾಸು. ಆಗ ಎಷ್ಟೋ ರೈಲುಗಳಲ್ಲಿ ಜನರಲ್ ಬೋಗಿಗೂ ರಿಸರ್ವೇಶನ್ ಬೇಕಿತ್ತು, ಸೀದಾ ಹತ್ತಿ ಕೂತರೆ ದಂಡ. ಹಿಂದಿರುಗುವಾಗ ಫೈನಲ್ ಎಂದರೆ ಹೆಚ್ಚುವರಿ ಸಮಯ, ಪೆನಾಲ್ಟಿ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. 90 ನಿಮಿಷಕ್ಕೆ ಮುಗಿದರೆ ಒಂಬತ್ತೂವರೆ, ಮುಗಿಯದಿದ್ದರೆ ಹತ್ತೂಕಾಲು ದಾಟುತ್ತದೆ. ಆ ದಿನ ಆದದ್ದೂ ಅದೇ: ಬ್ಲಾಸ್ಟರ್ಸ್‌ನ ರಾಹುಲ್ ಕೆ.ಪಿ. 68ನೇ ನಿಮಿಷದಲ್ಲಿ ಹೊಡೆದದ್ದನ್ನು ಹೈದರಾಬಾದಿನ ಸಾಹಿಲ್ ತವೋರ 88ರಲ್ಲಿ ಸಮ ಮಾಡಿದ, ಶೂಟೌಟಿನಲ್ಲಿ ಹೈದರಾಬಾದ್ 3–1. ಮೂರು ಪೆನಾಲ್ಟಿ ತಡೆದ ಗೋಲಿಯ ಹೆಸರು ಕಟ್ಟಿಮನಿ. ಹೆಸರು ಕೇಳಿ ನಮ್ಮವನೇ ಅಂದುಕೊಳ್ಳಬೇಡಿ, ಗೋವಾದವನು. ರಾತ್ರಿಯ ನೇತ್ರಾವತಿಯನ್ನು ನಂಬಿ ಕೂರುವ ಬದಲು ಮಧ್ಯರಾತ್ರಿಯ ನಂತರ ಬರುವ ಮತ್ಸ್ಯಗಂಧಾಕ್ಕೆ ಬುಕ್ ಮಾಡುವುದು ಜಾಣತನ. ಬೆಳಗ್ಗೆ ಮಂಗಳೂರು ಸೆಂಟ್ರಲ್, ಅಲ್ಲಿಂದ ಊರಿಗೆ ಬಸ್ಸಿಗೂ ರೈಲಿಗೂ ಬರವಿಲ್ಲ. ಇನ್ನೊಂದು ಚಿಕ್ಕ ತಮಾಷೆ: ಬ್ಲಾಸ್ಟರ್ಸ್‌ನ ಹಳದಿ ಅಂಗಿ ಹಾಕಿಕೊಂಡು ಹೋದವರೆಲ್ಲ ಕಂಡದ್ದು ಹಳದಿಯಲ್ಲಿ ಆಡಿದ ಹೈದರಾಬಾದನ್ನು, ಬ್ಲಾಸ್ಟರ್ಸ್ ಕಪ್ಪಿನಲ್ಲಿ ಆಡಿತು. ಫತೋರ್ಡಾಕ್ಕೆ ಐದರಲ್ಲಿ ಮೂರು. ಕಳೆದ ಎರಡೂ ಗೇಟಿಗೆ.

ಚಿನ್ನಸ್ವಾಮಿಯದ್ದು ಬೇರೆ ಕಥೆ. ಶ್ರೀಲಂಕಾ ವಿರುದ್ಧದ ಟೆಸ್ಟ್ ಮಾರ್ಚ್ 12ಕ್ಕೆ ಶುರುವಾಗಿ 14ಕ್ಕೇ ಮುಗಿಯಿತು, ಭಾರತಕ್ಕೆ 238 ರನ್ ಗೆಲುವು. ಕಬ್ಬನ್ ಪಾರ್ಕ್ ಮೆಟ್ರೋ ಪಕ್ಕದಲ್ಲೇ, ಹೋಗುವ ಕಷ್ಟವಿಲ್ಲ. ಪೆಟ್ಟು ಬಿದ್ದದ್ದು ನಾಲ್ಕು, ಐದನೇ ದಿನಕ್ಕೆ ರೈಲು ಬುಕ್ ಮಾಡಿದವರಿಗೆ. ಮೊದಲ ದಿನವೇ 16 ವಿಕೆಟ್ ಬಿದ್ದ ಟೆಸ್ಟ್ ಐದು ದಿನ ಎಳೆಯುವುದಿಲ್ಲ. ಅಂಥ ದಿನದ ರಾತ್ರಿಯೇ ಕೊನೆಯ ದಿನದ ಟಿಕೇಟು ರದ್ದು ಮಾಡಿ. ಆಗಿನ ನಿಯಮದಲ್ಲಿ ರೈಲು ಹೊರಡಲು 48 ಗಂಟೆಗಿಂತ ಹೆಚ್ಚು ಇದ್ದರೆ ನಿಗದಿತ ಶುಲ್ಕ ಮಾತ್ರ ಹೋಗುತ್ತಿತ್ತು, 12 ಗಂಟೆಯ ಒಳಗೆ ಬಂದರೆ ಅರ್ಧವೇ ಹೋಗುತ್ತಿತ್ತು. ಪಿಂಕ್ ಬಾಲ್ ಆಟ ಮುಗಿಯುವುದು ರಾತ್ರಿ ಒಂಬತ್ತರ ಹೊತ್ತಿಗೆ, ಕಣ್ಣೂರು ರೈಲು ಹೊರಡುವುದು ಒಂಬತ್ತೂವರೆಯ ಆಸುಪಾಸಿಗೆ. ಕೊನೆಯ ಅವಧಿ ಪೂರ್ತಿ ನೋಡಬೇಕೆಂದರೆ ಆ ರೈಲು ಬೇಡ. ಮೂರೂವರೆ ಅಂಕ.

ಮಂಜೇರಿಗೆ ನಾಲ್ಕು ಕೊಡುತ್ತೇವೆ, ಅದೂ ಮನಸ್ಸು ಹಿಡಿದುಕೊಂಡು. ಫೆಬ್ರವರಿಯಲ್ಲಿ ನಡೆಯಬೇಕಿದ್ದ ಸಂತೋಷ್ ಟ್ರೋಫಿ ಕೋವಿಡ್ ಅಲೆಯಿಂದ ಮುಂದಕ್ಕೆ ಹೋಗಿ ಏಪ್ರಿಲ್ 16ಕ್ಕೆ ಶುರುವಾಯಿತು, ಅಂದರೆ ರಂಜಾನ್ ತಿಂಗಳ ನಡುವೆ. ಉಪವಾಸ ಬಿಡುವುದು ಸುಮಾರು ಆರೂಮುಕ್ಕಾಲಿಗೆ, ಮಂಜೇರಿಯ ಪಯ್ಯನಾಡು ಕ್ರೀಡಾಂಗಣದಲ್ಲಿ ಕೇರಳದ ಆಟ ಎಂಟರ ನಂತರ. ಈ ಒಂದು ಗಂಟೆ ಚಿಲ್ಲರೆಯಲ್ಲೇ ಅರ್ಧ ಮಲಪ್ಪುರ ಗೇಟಿಗೆ ಬರುತ್ತದೆ. ಸಾಲಿಗೆ ಗಂಟೆಗೆ 240 ಜನ ಎಂಬ ಮೇಲಿನ ಲೆಕ್ಕ ಇಲ್ಲಿ ಇನ್ನೂ ಕಠಿಣ. ಹೊರಜಿಲ್ಲೆಯವರು ಐದೂವರೆಗೇ ಒಳಗೆ ಸೇರಿಕೊಳ್ಳಬೇಕು. ಗ್ಯಾಲರಿ ಟಿಕೇಟಿಗೆ ಇಂಥದ್ದೇ ಜಾಗ ಅಂತ ಇಲ್ಲ, ಮೊದಲು ಬಂದವನದ್ದೇ ಜಾಗ. ಏಪ್ರಿಲ್ 28ರ ಕೇರಳ–ಕರ್ನಾಟಕ ಸೆಮಿಫೈನಲ್ ನಮ್ಮವರಿಗೆ ಧರ್ಮಸಂಕಟದ್ದು, ಯಾವ ಕಡೆ ಬೊಬ್ಬೆ ಹಾಕುವುದು? ಕರ್ನಾಟಕ ಮೊದಲ ಗೋಲು ಹೊಡೆದದ್ದೂ ಆಯಿತು, ಬದಲಿಯಾಗಿ ಇಳಿದ ಟಿ.ಕೆ. ಜೆಸಿನ್ ಒಬ್ಬನೇ ಐದು ಹೊಡೆದು 7–3 ಮಾಡಿದ್ದೂ ಆಯಿತು. ಮೇ 2ರ ಫೈನಲಿನಲ್ಲಿ ಬಂಗಾಳದ ಮೇಲೆ ಪೆನಾಲ್ಟಿಯಲ್ಲಿ 5–4, ಕೇರಳಕ್ಕೆ ಏಳನೇ ಟ್ರೋಫಿ.

ಸೆಮಿಫೈನಲಿನ ಹಿಂದಿನ ದಿನವಷ್ಟೇ ಕೇರಳ ಸರ್ಕಾರ ಮಾಸ್ಕನ್ನು ಮತ್ತೆ ಕಡ್ಡಾಯ ಮಾಡಿತ್ತು. ಏಪ್ರಿಲಿನ ಮಲಬಾರು ಸೆಕೆಯಲ್ಲಿ ಮಾಸ್ಕ್ ಬೆವರಿಗೆ ಒದ್ದೆಯಾಗುತ್ತದೆ, ಒದ್ದೆಯಾದರೆ ಉಸಿರು ಕಟ್ಟುತ್ತದೆ, ಉಸಿರು ಕಟ್ಟಿದರೆ ಗಲ್ಲಕ್ಕೆ ಇಳಿಯುತ್ತದೆ. ಹಾಗಾಗಿ ತಲೆಗೆ ಎರಡು: ಒಂದು ಸಾಲಿನಲ್ಲಿ ನಿಲ್ಲುವಾಗ, ಇನ್ನೊಂದು ಹೊರಡುವಾಗ ಬಸ್ಸಿನಲ್ಲಿ. ಎರಡನೆಯದನ್ನು ಕಾಗದದ ಕವರಿನಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೇಡ. ಮಾಸ್ಕನ್ನು ಗಲ್ಲಕ್ಕೆ ಇಳಿಸುವುದಿದ್ದರೆ ಗ್ಯಾಲರಿಯಲ್ಲಿ ಇಳಿಸಿ, ಮಧ್ಯಂತರದಲ್ಲಿ ಎಲ್ಲರೂ ಒಟ್ಟಿಗೆ ನುಗ್ಗುವ ಶೌಚಾಲಯದಲ್ಲಿ ಮಾತ್ರ ಬೇಡ. 35ನೇ ನಿಮಿಷಕ್ಕೇ ಎದ್ದು ಹೋಗಿ ಬಂದರೆ ಅರ್ಧ ತಲೆನೋವು ಇಲ್ಲ. ದಾರಿ: ಕೋಝಿಕ್ಕೋಡಿನವರೆಗೆ ರೈಲು, ಕೊಂಡೋಟ್ಟಿ ಮೇಲೆ ಬಸ್ಸು, ರಾತ್ರಿ ಹಾಗೆಯೇ ವಾಪಸು ಬಂದು ನಸುಕಿನ ಮಾವೇಲಿ ಅಥವಾ ಮಲಬಾರ್ ರೈಲು.

ಊರಿನ ಸೆವೆನ್ಸ್ ಗ್ಯಾಲರಿಗೆ ಅಂಕ ಕೊಡುತ್ತಿಲ್ಲ, ಒಂದೊಂದೂ ಒಂದೊಂದು ತರಹ. ಆದರೆ ಐಎಸ್‌ಎಲ್ ಫೈನಲಿನ ಹಿಂದಿನ ರಾತ್ರಿ, ಮಾರ್ಚ್ 19ರಂದು, ಮಲಪ್ಪುರಂ ಜಿಲ್ಲೆಯ ಪೂಂಗೋಡಿನಲ್ಲಿ ತಾತ್ಕಾಲಿಕ ಗ್ಯಾಲರಿ ಕುಸಿದು ಹತ್ತಾರು ಮಂದಿ ಗಾಯಗೊಂಡದ್ದನ್ನು ಮರೆಯುವ ಹಾಗಿಲ್ಲ. ಹತ್ತು ಮೀಟರ್ ಉದ್ದದ ಸಾಲಿನಲ್ಲಿ ಒಬ್ಬನಿಗೆ 45 ಸೆಂಟಿಮೀಟರಿನಂತೆ 22 ಜನ, 12 ಸಾಲಿಗೆ 264. ಸರಾಸರಿ 65 ಕಿಲೋ ಅಂದರೂ 17 ಟನ್ ದಾಟುತ್ತದೆ. ಅದು ಸುಮ್ಮನೆ ಕೂತಾಗ. ಗೋಲು ಬಿದ್ದು ಎಲ್ಲರೂ ಒಟ್ಟಿಗೆ ಹಾರಿದರೆ ಭಾರ ಹೆಚ್ಚುವುದಷ್ಟೇ ಅಲ್ಲ, ಅಡ್ಡಕ್ಕೂ ತಳ್ಳುತ್ತದೆ. ನೇರ ಕಂಬಗಳು ಭಾರ ಹೊರುತ್ತವೆ, ಅಡ್ಡ ತಳ್ಳು ತಡೆಯುವುದು ಓರೆಯಾಗಿ ಕಟ್ಟಿದ ಕಂಬಗಳು. ಹಣ ಉಳಿಸುವವರು ಮೊದಲು ಬಿಡುವುದು ಅವನ್ನೇ.

ಇಂಥ ಗ್ಯಾಲರಿ ಕಟ್ಟುವ ಅಡಿಕೆ ಮರದ ಹೊರಭಾಗ ಗಟ್ಟಿ, ಒಳಗೆ ಮೆತ್ತಗೆ. ಎರಡು ವರ್ಷ ಆಟವಿಲ್ಲದೆ ಶೆಡ್ಡಿನಲ್ಲಿ ಬಿದ್ದಿದ್ದ ಮರ ಹೊರಗಿನಿಂದ ಚೆಂದ ಕಂಡರೂ ಒಳಗೆ ಗೆದ್ದಲು ತಿಂದಿರಬಹುದು. ಬೆರಳ ಗಂಟಿನಿಂದ ತಟ್ಟಿ ನೋಡಿದರೆ ಪೊಳ್ಳು ಸದ್ದು ಬರುತ್ತದೆ. ಹಗ್ಗದ ಕಟ್ಟಿಗಿಂತ ಕಬ್ಬಿಣದ ಕ್ಲಾಂಪು ಮೇಲು, ಹಳೆಯ ಹಗ್ಗಕ್ಕಿಂತ ಹೊಸ ಹಗ್ಗ ಮೇಲು. ಪೈಪಿನ ಬುಡದಲ್ಲಿ ಹಲಗೆಯೋ ಕಬ್ಬಿಣದ ತಟ್ಟೆಯೋ ಇಲ್ಲದಿದ್ದರೆ ಒಂದು ಮಳೆಗೆ ನೆಲ ಮೆತ್ತಗಾಗಿ ಒಂದು ಕಾಲು ಕುಸಿಯುತ್ತದೆ, ಉಳಿದ ಕಾಲುಗಳಿಗೆ ಓರೆ ಭಾರ ಬೀಳುತ್ತದೆ. ಇಷ್ಟನ್ನು ಟಿಕೇಟು ಕೊಳ್ಳುವ ಮೊದಲು ಹಿಂಬದಿಗೆ ಹೋಗಿ ಐದು ನಿಮಿಷದಲ್ಲಿ ನೋಡಬಹುದು. ಓರೆ ಕಂಬ ಕಾಣದಿದ್ದರೆ, ಅಥವಾ ಸಂಘಟಕರು ಹಿಂಬದಿಗೆ ಬಿಡದಿದ್ದರೆ, ನೆಲದ ಮೇಲಿನ ಟಚ್‌ಲೈನ್ ಬದಿಯ ಟಿಕೇಟು ಕೇಳಿ. ಚೆಂಡು ಮುಖಕ್ಕೆ ಬಡಿಯಬಹುದು, ಅಷ್ಟೇ.